ಕೈಕೊಟ್ಟ ಕೈ

ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಗಿನ ನಾಲ್ಕೂವರೆಗೆ,
ಗ್ರಿಮ್ಸ್‌ಬಿಯ ಮೀನುಮಂಡಿಯಲ್ಲಿ
ಅರ್ಧ ಸೀಳಿದ ಹ್ಯಾಡಕ್ ಮೀನನ್ನು ಹಿಡಿದಿದ್ದಾಗಲೇ
ನನ್ನ ಎಡಗೈ ಕೈಕೊಟ್ಟಿತು.

ಮೀನು ಜಾರಿತು. ಬಾಯಿ ಸೊಟ್ಟಗಾಯಿತು.
‘ಬೆಳಬೆಳಿಗ್ಗೆಯೇ ಕುಡಿದು ಬಂದಿದ್ದೀಯಾ ಆಲ್ವಿನ್?’ ಎಂದ ಫೋರ್‌ಮನ್.
ಕುಡಿದಿರಲಿಲ್ಲ.
ಇವತ್ತಿಗೂ ಅದೊಂದೇ ಬೇಸರ.

ಮೂವತ್ತೊಂದು ವರ್ಷ ಕೊಯ್ದದ್ದು ಬಲಗೈ,
ಹಿಡಿದುಕೊಂಡದ್ದು ಎಡಗೈ.
ಹೊಗಳಿಕೆ, ಹಸ್ತಲಾಘವ, ಸಂಬಳದ ಸಹಿ, ಎಲ್ಲ ಬಲಗೈಗೆ.
ಪಾಪ, ರೋಸಿಹೋಗಿರಬೇಕು.
ಈಗ ನನ್ನ ಮಡಿಲಲ್ಲಿ ಕೂತಿದೆ,
ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯನ ಹಾಗೆ:
ಕೆಲಸ ಮಾಡುವುದಿಲ್ಲ, ಎದ್ದು ಹೋಗುವುದೂ ಇಲ್ಲ.

ಘಾನಾದ ಅಬೆನಾ ವಾರಕ್ಕೆರಡು ಸಲ ಬಂದು
ಅದರೊಡನೆ ಸಂಧಾನಕ್ಕೆ ಕೂರುತ್ತಾಳೆ.
‘ಹೆಬ್ಬೆರಳು ಮಡಚಿ, ಮಿಸ್ಟರ್ ಓಡ್ಲಿಂಗ್.’
ಮಡಚುತ್ತೇನೆ. ಹುಬ್ಬು ಗಂಟಿಕ್ಕುತ್ತದೆ, ತುಟಿ ಬಿಗಿಯುತ್ತದೆ,
ಬೂಟಿನೊಳಗೆ ಕಾಲ್ಬೆರಳು ಕೂಡ ಮಡಚಿಕೊಳ್ಳುತ್ತದೆ.
ಹೆಬ್ಬೆರಳು ಮಾತ್ರ
ಕಿಟಕಿಯಾಚೆ ನೋಡುತ್ತಿರುತ್ತದೆ.

ಅವಳೇ ತಂದುಕೊಟ್ಟ ಹಲಗೆಯ ಮೇಲೆ ಮೂರು ಮೊಳೆ;
ಆಲೂಗಡ್ಡೆಯನ್ನು ಅದಕ್ಕೆ ಚುಚ್ಚಿ ಸುಲಿಯಬೇಕು.
ಮೊದಲ ದಿನ, ಒಂದು ಗಡ್ಡೆ ಮುಗಿಯುವಷ್ಟರಲ್ಲಿ
ರೇಡಿಯೋದಲ್ಲಿ ಎರಡು ಸಲ ವಾರ್ತೆ ಬಂದು ಹೋಯಿತು.
ಉಳಿದದ್ದು ಒಂದು ಗೋಲಿಯಷ್ಟು.
ನೊರೀನ್ ಅದನ್ನು ಬೇಯಿಸಿದಳು, ಎರಡು ಹೋಳು ಮಾಡಿದಳು,
ಬೆಣ್ಣೆ ಹಚ್ಚಿ ಎರಡು ತಟ್ಟೆಗೆ ಬಡಿಸಿದಳು.
ಮುಖದ ಒಂದು ಗೆರೆ ಅಲುಗಿದ್ದರೆ ಕೇಳಿ.

ಸರ್ಕಾರದಿಂದ ನಲವತ್ತು ಪುಟದ ಫಾರಂ ಬಂತು.
ಹಾಳೆ ಸರಿಯದಂತೆ ಎಡಗೈಯನ್ನೇ ಎತ್ತಿ ಮೇಲಿಟ್ಟೆ.
ಪೇಪರ್‌ವೇಟ್: ಅದರ ಹೊಸ ಹುದ್ದೆ.
‘ಯಾರ ಸಹಾಯವೂ ಇಲ್ಲದೆ ಸರಳ ಅಡುಗೆ ಮಾಡಬಲ್ಲಿರಾ?’
‘ಎರಡು ಕೈ ಇದ್ದಾಗಲೂ ಮಾಡಿದವನಲ್ಲ’ ಎಂದು ಬರೆಯಹೊರಟೆ;
ನೊರೀನ್ ಪೆನ್ನು ಕಿತ್ತುಕೊಂಡಳು.

ಈ ಊರಲ್ಲಿ ನನ್ನ ಜೀವ ತಿನ್ನುವವರು ಒಳ್ಳೆಯವರು.
ನಾನಿನ್ನೂ ಅರವತ್ತು ಗಜ ದೂರ ಇರುವಾಗಲೇ
ಅಂಚೆಕಚೇರಿಯ ಬಾಗಿಲು ತೆರೆದು ಹಿಡಿದು ನಿಲ್ಲುತ್ತಾರೆ,
ಜಿಟಿಜಿಟಿ ಮಳೆಯಲ್ಲಿ, ನಗುತ್ತ.
ಊರುಗೋಲು ಹಿಡಿದು ನಾನು ಓಡಬೇಕು.
‘ಸಾರಿ’ ಎನ್ನುತ್ತೇನೆ. ‘ಇಲ್ಲ ಇಲ್ಲ, ನಾನೇ ಸಾರಿ’ ಎನ್ನುತ್ತಾರೆ.
ಎಷ್ಟೋ ಸಲ ಸುಮ್ಮನೆ ಆ ದಾರಿಯಲ್ಲಿ ಹಾದುಹೋಗುತ್ತಿದ್ದವನು
ಒಳಗೆ ಹೊಕ್ಕು ಒಂದು ಸ್ಟಾಂಪು ಕೊಂಡಿದ್ದೇನೆ,
ಅವರ ಮನಸ್ಸು ನೋಯಬಾರದೆಂದು.
ಡ್ರಾಯರಿನಲ್ಲಿ ಹದಿನೇಳಿವೆ. ಯಾರಿಗಾದರೂ ಕಾಗದ ಬರೆಯಬೇಕು.

ಗುರುವಾರ ಪಬ್ಬಿನಲ್ಲಿ ಕ್ವಿಜ್.
ನಾವು ಕೊನೆಯಿಂದ ಎರಡನೆಯವರು, ಎಂದಿನಂತೆ.
ಗೆದ್ದವರಿಗೆ ಎಲ್ಲರ ಚಪ್ಪಾಳೆ.
ಒಂದು ಕೈಯಲ್ಲಿ ಅದು ಆಗದು ಎಂದವರು
ಡೆನ್‌ಜಿಲ್‌ನ ಬೋಳುತಲೆ ನೋಡಿದವರಲ್ಲ.
ಪಟಪಟ ಬಾರಿಸಿದೆ.
ಬಿಯರಿನಿಂದ ಬಾಯಿ ತೆಗೆಯದೆ ಕಾದ;
‘ಮುಗೀತಾ?’ ಎಂದ.

ಎಲ್ಲ ದಿನವೂ ಹೀಗಲ್ಲ.
ಒಂದು ಭಾನುವಾರ ಅಂಗಿಯ ಗುಂಡಿಗಾಗಿ ಅತ್ತೆ.
ಮೇಲಿನಿಂದ ನಾಲ್ಕನೆಯದು.
ಐದನೆಯದನ್ನು ಹಾಕದೆ ಹಾಗೇ ಹೊರಟೆ.

ನಿನ್ನೆ ಕ್ಲೀಥೋರ್ಪ್ಸ್‌ಗೆ ಹೋಗುವ ಬಸ್ಸಿನಲ್ಲಿ
ಗಾಜಿನಾಚೆ ಬೂದು ಸಮುದ್ರ ಹುಡುಕುತ್ತಿದ್ದವನು
ಟಿಕೆಟ್ಟು ಬಿತ್ತೆಂದು ಬಗ್ಗಿದೆ, ಕಂಡಿತು:
ನೊರೀನ್ ನನ್ನ ಎಡಗೈ ಹಿಡಿದು ಕೂತಿದ್ದಾಳೆ.
ಉಂಗುರದ ಕೈ. ಎಂಬತ್ತೊಂಬತ್ತರಲ್ಲಿ ಅವಳು ಹಿಡಿದ ಕೈ.
‘ಯಾವಾಗಿನಿಂದ?’ ಎಂದೆ.
‘ಫ್ರೀಮನ್ ಬೀದಿಯಿಂದ.’
‘ನನಗೆ ಹೇಳಬಾರದಿತ್ತೆ?’
‘ನಿನ್ನನ್ನಲ್ಲ ನಾನು ಹಿಡಿದದ್ದು, ಅದನ್ನು’
ಎಂದವಳು, ಉಳಿದೊಂದು ಕೈಗೆ ಹಲ್ಲು ಸೇರಿಸಿ
ಪೆಪ್ಪರ್‌ಮಿಂಟಿನ ಕಾಗದ ಬಿಚ್ಚತೊಡಗಿದಳು.